ಬಿಸಿಲು ಬಿದ್ದರೆ ಭಾನುವಾರ

ವೆಲಿಂಗ್ಟನ್‌ನಲ್ಲಿ ಬಟ್ಟೆ ಒಣಗುವುದಿಲ್ಲ. ನೀಲಗಿರಿಯ ಈ ದಂಡಿನ ಊರಿಗೆ ಸಂಸಾರ ತಂದ ಯಾವ ಹೆಂಗಸನ್ನು ಮಾತಿಗೆಳೆದರೂ ಎರಡು ಮಾತಿನೊಳಗೆ ಬಟ್ಟೆಯ ವಿಷಯ ಬಂದೇ ಬರುತ್ತದೆ. ನಮ್ಮ ಗದಗಿನ ಕಡೆ ಬೇಸಿಗೆಯಲ್ಲಿ ಸೀರೆ ಹಿಂಡಿ ಹಗ್ಗಕ್ಕೆ ಹರವಿ, ಬಕೆಟ್ಟು ಬೋರಲು ಹಾಕಿ ಬರುವಷ್ಟರಲ್ಲಿ ಸೆರಗು ಗರಿಗರಿ ಅನ್ನುತ್ತದೆ. ಇಲ್ಲಿ ಶುಕ್ರವಾರ ಹರವಿದ ಟವೆಲ್ಲನ್ನು ಭಾನುವಾರ ಮುಟ್ಟಿದರೂ ತಣ್ಣಗೇ ಇರುತ್ತದೆ. ಪಕ್ಕದ ಕುನೂರು ಸಮುದ್ರಮಟ್ಟದಿಂದ ಸುಮಾರು 1,850 ಮೀಟರ್ ಎತ್ತರದಲ್ಲಿದೆ. ನಮ್ಮೂರಲ್ಲಿ ಮುಂಗಾರು ಮುಗಿದು ಜನ ಹಿಂಗಾರಿ ಜೋಳಕ್ಕೆ ಹೊಲ ಹದ ಮಾಡುವ ಹೊತ್ತಿಗೆ ಈ ಬೆಟ್ಟಗಳಿಗೆ ದೊಡ್ಡ ಮಳೆ ಶುರುವಾಗುತ್ತದೆ. ಅಕ್ಟೋಬರ್, ನವೆಂಬರಿನಲ್ಲಿ ಈಶಾನ್ಯ ಮಾರುತ ಹಿಡಿಯಿತೆಂದರೆ ಬಿಡುವ ಮಾತಿಲ್ಲ. ಮಳೆಯಿಲ್ಲದ ದಿನವೂ ಮಧ್ಯಾಹ್ನವಾಗುತ್ತಲೇ ಕಣಿವೆಯಿಂದ ಮಂಜು ಎದ್ದು ಬಂದು ಎದುರಿನ ಕ್ವಾರ್ಟರ್ಸನ್ನೇ ಅಳಿಸಿಬಿಡುತ್ತದೆ.

ಬಟ್ಟೆಯ ಮೇಲೆ ನಮಗೆ ಇಷ್ಟು ಚಿಂತೆ ಯಾಕೆಂದರೆ, ನನ್ನ ಗಂಡ ಇಲ್ಲಿನ ಮದ್ರಾಸ್ ರೆಜಿಮೆಂಟಲ್ ಸೆಂಟರ್‌ನಲ್ಲಿ ಹವಾಲ್ದಾರ್. ಹೊಸ ಹುಡುಗರಿಗೆ ಡ್ರಿಲ್ ಕಲಿಸುವ ಉಸ್ತಾದ್. ಸೋಮವಾರ ಬೆಳಕು ಹರಿಯುವ ಮುಂಚೆ ಸಾಲಾಗಿ ನಿಂತ ಹುಡುಗರ ಕಣ್ಣು ಮೊದಲು ಬೀಳುವುದು ಉಸ್ತಾದರ ಬಟ್ಟೆಯ ಮೇಲೆ, ಬೂಟಿನ ಮೇಲೆ. ಹುಡುಗರಿಗೆ ಹೇಳುವುದನ್ನೆಲ್ಲ ತಾನು ಮೈಮೇಲೆ ತೊಟ್ಟು ತೋರಿಸಬೇಕು. ಪಿಟಿಯ ಬಿಳಿ ಬನಿಯನ್ನು, ಬಿಳಿ ಕ್ಯಾನ್ವಾಸ್ ಶೂ, ಇಸ್ತ್ರಿಯ ಗೆರೆ ಮುರಿಯದ ಯೂನಿಫಾರ್ಮು, ಎಲ್ಲ ಭಾನುವಾರ ಸಂಜೆಯೊಳಗೆ ಸಿದ್ಧವಾಗಬೇಕು. ಹಾಗಾಗಿ ನಮ್ಮ ವಾರದ ಕೊನೆ ಕ್ಯಾಲೆಂಡರಿನ ಪ್ರಕಾರ ಬರುವುದಿಲ್ಲ, ಆಕಾಶದ ಪ್ರಕಾರ ಬರುತ್ತದೆ. ‘ಬಿಸಲ ಬಿದ್ದೈತಿ, ಏಳು’ ಎಂದು ಇವರು ಕೂಗಿದರೆ ನನಗೆ ಭಾನುವಾರ ಶುರುವಾಯಿತು.

ಭಾನುವಾರವನ್ನು ಕಿವಿಯಿಂದಲೂ ಗುರುತಿಸಬಹುದು. ವಾರದ ದಿನಗಳಲ್ಲಿ ನಾನು ಒಲೆ ಹಚ್ಚುವ ಹೊತ್ತಿಗೆ ಕೆಳಗಿನ ಮೈದಾನದಿಂದ ಹುಡುಗರ ದನಿ ಏಳುತ್ತದೆ: ‘ವೀರ ಮದ್ರಾಸಿ, ಅಡಿ ಕೊಲ್ಲು, ಅಡಿ ಕೊಲ್ಲು!’ ನೂರಾರು ಎಳೆಯ ಗಂಟಲುಗಳು ಒಂದೇ ಉಸಿರಿಗೆ ಕೂಗಿದ್ದು ಎದುರು ಬೆಟ್ಟಕ್ಕೆ ಬಡಿದು ವಾಪಸು ಬರುತ್ತದೆ. ಬಂದ ಹೊಸತರಲ್ಲಿ ಎದೆ ಧಸಕ್ಕೆನ್ನುತ್ತಿತ್ತು. ಈಗ ಆ ಕೂಗಿಗೆ ಕಿವಿ ಹೊಂದಿಕೊಂಡಿದೆ. ಭಾನುವಾರ ಅದು ಇರುವುದಿಲ್ಲ. ಹುಡುಗರು ಅವತ್ತು ತಲೆ ಬೋಳಿಸಿಕೊಂಡು, ಬಟ್ಟೆ ಒಗೆದುಕೊಂಡು, ಕೈಗೆ ಸಿಕ್ಕ ಫೋನಿನಲ್ಲಿ ಅಮ್ಮಂದಿರ ಜೊತೆ ಮಾತಾಡುತ್ತಿರುತ್ತಾರೆ. ಬೇಲಿಯ ಆಚೆ ಅವರ ಬಟ್ಟೆ, ಈಚೆ ನಮ್ಮ ಬಟ್ಟೆ, ನಡುವೆ ಒಂದೇ ಬಿಸಿಲು.

ಒಮ್ಮೆ ಆ ಬಿಸಿಲಿಗೆ ಮೂರನೆಯ ಪಾಲುದಾರ ಬಂದ. ಬೆಳಗ್ಗೆ ಬಾಗಿಲು ತೆಗೆದರೆ ಹಗ್ಗದ ಕೆಳಗೆ ಕಾಡುಕೋಣ. ಈ ಕಡೆ ಟೀ ತೋಟಗಳಿಂದ ಅವು ಕ್ವಾರ್ಟರ್ಸ್ ನಡುವೆ ನಡೆದು ಬರುವುದು ಹೊಸತಲ್ಲ, ಆದರೆ ಅಷ್ಟು ಹತ್ತಿರದಲ್ಲಿ ನಾನು ಕಂಡಿರಲಿಲ್ಲ. ಕರಿಯ ಮೈ, ಮೊಣಕಾಲಿನಿಂದ ಕೆಳಗೆ ಬೆಳ್ಳಗಿನ ಕಾಲು, ಹೆಗಲ ಮೇಲೆ ಎದ್ದ ದಿಬ್ಬ. ಮೂಗಿನಿಂದ ಹಬೆ ಹೊರಡುತ್ತಿತ್ತು. ಇವರ ಒದ್ದೆ ಬನಿಯನ್ನು ಅದರ ಕೋಡಿಗೆ ತಾಗುವಂತೆ ಇಳಿಬಿದ್ದಿತ್ತು. ಇವರು ನನ್ನ ಭುಜ ಹಿಡಿದು ಹಿಂದಕ್ಕೆಳೆದು, ಬಾಗಿಲು ಅರ್ಧ ಮುಚ್ಚಿ, ಮಾತಾಡಬೇಡ ಎಂದು ಸನ್ನೆ ಮಾಡಿದರು. ಆ ಅರ್ಧ ಬಾಗಿಲಿನ ಸಂದಿಯಲ್ಲಿ ಇಬ್ಬರೂ ಬಹಳ ಹೊತ್ತು ನಿಂತೆವು. ಅದು ಹುಲ್ಲು ಮೇಯುತ್ತಾ, ಆಗಾಗ ತಲೆಯೆತ್ತಿ ನಮ್ಮ ಕಡೆ ನೋಡುತ್ತಾ, ತನಗೆ ಬೇಕೆನಿಸಿದಾಗ ಕೆಳಗಿನ ಟೀ ಗಿಡಗಳ ಸಾಲಿಗೆ ಇಳಿದು ಹೋಯಿತು. ಅವತ್ತು ಚಹಾ ಮಾಡಲೂ ಮರೆತು ಅದರ ಮಾತೇ ಆಡಿದೆವು. ಇವರ ನೌಕರಿಯ ಎಷ್ಟೋ ಸಂಗತಿಗಳನ್ನು ಇವರು ಹೇಳಿ ನಾನು ಕೇಳಿದ್ದೇನೆ. ಇಬ್ಬರೂ ಒಟ್ಟಿಗೆ ಕಣ್ಣಾರೆ ಕಂಡು, ಇಬ್ಬರೂ ಊರಿಗೆ ಫೋನು ಮಾಡಿ ಹೇಳಬಹುದಾದ ಸಂಗತಿ ಅದು ಮೊದಲನೆಯದು.

ಯಾಕೆಂದರೆ ಮದುವೆಯಾದ ಮೇಲಿನ ಮೊದಲ ವರ್ಷಗಳಲ್ಲಿ ಇವರು ಫೀಲ್ಡ್‌ನಲ್ಲಿದ್ದರು. ಸೈನ್ಯದವರ ಮನೆಗಳಲ್ಲಿ ಭೂಮಿ ಎರಡೇ ಭಾಗ: ಪೀಸ್ ಮತ್ತು ಫೀಲ್ಡ್. ಪೀಸ್ ಅಂದರೆ ಹೆಂಡತಿ ಮಕ್ಕಳು ಜೊತೆಗಿರಬಹುದಾದ ಊರು. ಫೀಲ್ಡ್ ಅಂದರೆ ಗಡಿ. ಅಲ್ಲಿಗೆ ಸಂಸಾರ ಹೋಗುವಂತಿಲ್ಲ. ನಾನು ಅತ್ತೆಯ ಮನೆಯಲ್ಲಿದ್ದೆ. ಇವರಿಗೆ ಏನಾದರೂ ಕಳಿಸಬೇಕೆಂದರೆ ವಿಳಾಸದಲ್ಲಿ ನಂಬರು, ಹೆಸರು, ಪಲ್ಟನ್ನು, ಕೊನೆಯಲ್ಲಿ ‘ಕೇರ್ ಆಫ್ 56 ಎಪಿಒ’. ಊರಿನ ಹೆಸರಿಲ್ಲ, ಜಿಲ್ಲೆಯಿಲ್ಲ, ರಾಜ್ಯವಿಲ್ಲ. ಸಂಕ್ರಾಂತಿಗೆ ಕುಸುರೆಳ್ಳನ್ನು ಪಾಕೀಟಿಗೆ ಹಾಕಿ ಆ ವಿಳಾಸ ಬರೆಯುವಾಗ ಅತ್ತೆ ಪಕ್ಕದಲ್ಲಿ ಕೂತು, ‘ಊರ ಹೆಸರ ಬರದೀ ಏನವ್ವಾ?’ ಎಂದು ಕೇಳುತ್ತಿದ್ದರು. ಕುಸುರೆಳ್ಳು ತಲುಪುತ್ತಿತ್ತು. ಊರಿನ ಹೆಸರಿಲ್ಲದೆಯೂ ಮನುಷ್ಯನನ್ನು ಹುಡುಕಿ ಮುಟ್ಟಿಸುವ ಆ ಅಂಚೆಯವರ ಮೇಲೆ ನನಗೆ ಇವತ್ತಿಗೂ ದೊಡ್ಡ ಗೌರವ.

ಈಗ ನಮ್ಮ ವಿಳಾಸದಲ್ಲಿ ಊರಿದೆ, ಮನೆ ನಂಬರಿದೆ, ಪಿನ್‌ಕೋಡ್ ಇದೆ. ಮನೆಯೊಳಗಿನ ಸಾಮಾನು ಮಾತ್ರ ಇನ್ನೂ ಪ್ರಯಾಣದಲ್ಲೇ ಇದೆ. ಎರಡು ಕರಿ ಟ್ರಂಕು ಜೋಡಿಸಿ, ಮೇಲೆ ಹಾಸಿಗೆ ಮಡಚಿ ಹಾಕಿ, ಇಳಕಲ್ ಸೀರೆಯ ಹಳೆಯ ತುಂಡೊಂದನ್ನು ಹೊದಿಸಿದರೆ ಬಂದವರಿಗೆ ಸೋಫಾ. ಇನ್ನೊಂದು ಟ್ರಂಕು ಟೀವಿಯ ಮೇಜು. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಇವರ ನಂಬರು, ಹುದ್ದೆ, ಹೆಸರು ಇದೆ. ಬಡ್ತಿಯಾದಾಗಲೆಲ್ಲ ಹಳೆಯ ಹುದ್ದೆಯ ಮೇಲೆ ಕರಿ ಬಣ್ಣ ಬಳಿದು ಹೊಸದನ್ನು ಬರೆದಿದ್ದಾರೆ. ಓರೆ ಬೆಳಕಿನಲ್ಲಿ ನೋಡಿದರೆ ಹವಾಲ್ದಾರ್ ಎಂಬುದರ ಕೆಳಗೆ ನಾಯಕ್, ಅದರ ಕೆಳಗೆ ಲ್ಯಾನ್ಸ್ ನಾಯಕ್, ತಳದಲ್ಲಿ ಸಿಪಾಯಿ ಉಬ್ಬಿ ಕಾಣುತ್ತವೆ. ಭಾನುವಾರ ಕಸ ಗುಡಿಸುವಾಗ ನಾನು ಆ ಅಕ್ಷರಗಳ ಮೇಲೆ ಬೆರಳಾಡಿಸುತ್ತೇನೆ. ಸಿಪಾಯಿಯಾಗಿದ್ದಾಗಿನ ಇವರನ್ನು ನಾನು ಕಂಡಿಲ್ಲ. ಆ ಹುಡುಗನ ಪರಿಚಯ ನನಗೆ ಈ ಬಣ್ಣದ ಅಡಿಯಿಂದಲೇ.

ಶನಿವಾರ ಕೆಲಸ ಬೇಗ ಮುಗಿದರೆ ಕ್ಯಾಂಟೀನಿಗೆ ಹೋಗುತ್ತೇವೆ. ಬೇರೆ ಊರುಗಳಲ್ಲಿ ಹೆಂಡತಿಯರು ಗಂಡಂದಿರನ್ನು ಸಿನಿಮಾಕ್ಕೆ ಕರೆಯುತ್ತಾರಂತೆ. ನನಗೆ ಕ್ಯಾಂಟೀನಿನ ಸಾಲು ಸಾಕು. ಕಾರ್ಡು ಇವರ ಜೇಬಿನಲ್ಲಿ, ಚೀಟಿ ನನ್ನ ಕೈಯಲ್ಲಿ. ಸೋಪು, ಟೂತ್‌ಪೇಸ್ಟು, ಚಹಾಪುಡಿ, ಬೂಟ್ ಪಾಲಿಷು. ಊರಿನಿಂದ ಮಾವ ಫೋನಿನಲ್ಲಿ ಹೇಳಿದ ಟಾರ್ಚು. ಮದ್ರಾಸ್ ರೆಜಿಮೆಂಟಿಗೆ ದಕ್ಷಿಣದ ಎಲ್ಲ ರಾಜ್ಯಗಳ ಹುಡುಗರೂ ಸೇರುವುದರಿಂದ ಆ ಸಾಲಿನಲ್ಲಿ ಒಂದೊಂದು ಮಾರಿಗೆ ಒಂದೊಂದು ಭಾಷೆ. ಮುಂದಿನಾಕೆ ಶ್ರೀಕಾಕುಳಂನವಳು, ಹಿಂದಿನಾಕೆ ತಿರುನೆಲ್ವೇಲಿಯವಳು, ಪಕ್ಕದ ಮನೆಯಾಕೆ ಕೊಲ್ಲಂನವಳು. ಎಲ್ಲರಿಗೂ ಅಷ್ಟಷ್ಟು ಹಿಂದಿ, ಎಲ್ಲರಿಗೂ ಒಂದೇ ಪ್ರಶ್ನೆ: ‘ಬಟ್ಟೆ ಒಣಗಿತಾ?’ ನನ್ನ ಮೊದಲ ಬಸುರಿನ ವಾಂತಿಯ ದಿನಗಳಲ್ಲಿ ನಿಂಬೆ ಉಪ್ಪಿನಕಾಯಿ ತಂದುಕೊಟ್ಟವಳು, ರಾತ್ರಿ ಇವರು ಡ್ಯೂಟಿಯಲ್ಲಿದ್ದಾಗ ಮನೆಯಲ್ಲಿ ಬಂದು ಮಲಗಿದವಳು ಇದೇ ಸಾಲಿನಲ್ಲಿ ಸಿಕ್ಕವರು. ಮುಂದಿನ ಪೋಸ್ಟಿಂಗಿನಲ್ಲಿ ನಾವೆಲ್ಲ ದಿಕ್ಕಿಗೊಬ್ಬರಾಗುತ್ತೇವೆ ಎಂಬುದು ಎಲ್ಲರಿಗೂ ಗೊತ್ತು. ಅದಕ್ಕೇ ಇಲ್ಲಿ ಗೆಳೆತನಕ್ಕೆ ಯಾರೂ ಸಮಯ ತೆಗೆದುಕೊಳ್ಳುವುದಿಲ್ಲ. ಬಂದ ದಿನವೇ ಹಾಲು, ಸಕ್ಕರೆ, ಗ್ಯಾಸು ಕೊಟ್ಟು ಶುರುಮಾಡುತ್ತಾರೆ.

ತರಕಾರಿಗೆ ಕುನೂರಿನ ಮಾರ್ಕೆಟ್ಟಿಗೇ ಹೋಗಬೇಕು. ಇಳಿಜಾರಿನ ಸಂದಿಗಳಲ್ಲಿ ಕೆಟ್ಟಿ ಕಣಿವೆಯ ಗಜ್ಜರಿ, ಬೀಟ್‌ರೂಟು, ಎಲೆಕೋಸು, ಮಣ್ಣು ಮೆತ್ತಿದ ಆಲೂಗಡ್ಡೆ. ಅಲ್ಲೊಬ್ಬ ಬಡಗ ಅಜ್ಜಿ ಕೂರುತ್ತಾರೆ. ಬಿಳಿ ಸೀರೆ, ತಲೆಗೆ ಬಿಳಿ ವಸ್ತ್ರ. ಬಡಗರು ಶತಮಾನಗಳ ಹಿಂದೆ ಮೈಸೂರು ಸೀಮೆಯ ಕಡೆಯಿಂದ ಬೆಟ್ಟ ಹತ್ತಿ ಬಂದವರೆಂದು ಹೇಳುತ್ತಾರೆ. ಅವರ ಊರಿಗೆ ಹಟ್ಟಿ ಎನ್ನುತ್ತಾರೆ, ಅವರ ಮಾತು ಕನ್ನಡಕ್ಕೆ ಬಹಳ ಹತ್ತಿರ. ನಾನು ಇವರ ಜೊತೆ ಗಜ್ಜರಿಯ ರೇಟು ಚರ್ಚಿಸುತ್ತಿದ್ದುದನ್ನು ಅಜ್ಜಿ ಮೊದಲ ಸಲ ಕೇಳಿಸಿಕೊಂಡಾಗ ತಲೆಯೆತ್ತಿ ಎಷ್ಟು ಹೊತ್ತು ನೋಡಿದರೆಂದರೆ, ನನಗೆ ನನ್ನ ಅಜ್ಜಿಯೇ ಎದುರು ಕೂತಂತಾಯಿತು. ಆಮೇಲೆ ಅವರು ಅವರದನ್ನಾಡಿದರು, ನಾನು ಗದಗಿನದನ್ನಾಡಿದೆ. ಅರ್ಧ ತಿಳಿಯಿತು, ಉಳಿದರ್ಧ ಮುಖ ನೋಡಿ ತಿಳಿದುಕೊಂಡೆವು. ಅಂದಿನಿಂದ ಬೇರೆಯವರ ಹತ್ತಿರ ಎಷ್ಟೇ ಅಗ್ಗವಿದ್ದರೂ ನಮ್ಮ ಚೀಲ ಅಲ್ಲೇ ತುಂಬುತ್ತದೆ. ಚೀಲ ಹೊರುವುದು ಇವರ ಹಕ್ಕು. ನಾನು ಕೈಹಾಕಿದರೆ ಕೊಡುವುದಿಲ್ಲ.

ವಾಪಸಾಗುವಾಗ ಮಂಜು ಸರಿದಿದ್ದರೆ ರೈಲು. ಮೆಟ್ಟುಪಾಳ್ಯಂನಿಂದ ಕುನೂರಿಗೆ 1899ರಲ್ಲಿ, ಅಲ್ಲಿಂದ ಮುಂದೆ ಊಟಿಯವರೆಗೆ 1908ರಲ್ಲಿ ಓಡತೊಡಗಿದ ಪುಟ್ಟ ಗಾಡಿ ಇದು. 2005ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಕಲ್ಲಾರಿನಿಂದ ಕುನೂರಿನವರೆಗಿನ ಏರು ಎಷ್ಟು ಕಡಿದೆಂದರೆ, ಹನ್ನೆರಡು ಅಡಿ ಮುಂದೆ ಹೋದರೆ ಒಂದು ಅಡಿ ಮೇಲೆ. ಅಲ್ಲಿ ಹಳಿಗಳ ನಡುವಿನ ಹಲ್ಲುಪಟ್ಟಿಯನ್ನು ಕಚ್ಚಿಕೊಂಡು ಉಗಿ ಎಂಜಿನ್ನು ಹಿಂದಿನಿಂದ ಗಾಡಿಯನ್ನು ತಳ್ಳುತ್ತದೆ. ಕುನೂರು ದಾಟಿದರೆ ಹಲ್ಲು ಬೇಕಿಲ್ಲ, ಡೀಸೆಲ್ ಎಂಜಿನ್ನು ಸಾಮಾನ್ಯ ಹಳಿಯ ಮೇಲೆಯೇ ಗಾಡಿಯನ್ನು ನಡೆಸುತ್ತದೆ. ಕುನೂರಾದ ಮೇಲಿನ ನಿಲ್ದಾಣವೇ ವೆಲಿಂಗ್ಟನ್. ಆಮೇಲೆ ಅರುವಂಕಾಡು, ಕೆಟ್ಟಿ, ಲವ್‌ಡೇಲ್, ಊಟಿ. ಸೀಟು ಸಿಕ್ಕರೆ ನಾವು ನಮ್ಮ ನಿಲ್ದಾಣದಲ್ಲಿ ಇಳಿಯದೆ ಕೆಟ್ಟಿಯವರೆಗೆ ಹೋಗಿಬಿಡುತ್ತೇವೆ. ಅಲ್ಲಿ ಇಳಿದು, ಒಂದು ಚಹಾ ಕುಡಿದು, ಗರಿಗರಿ ವರ್ಕಿ ತಿಂದು, ಬಸ್ಸಿನಲ್ಲಿ ಮನೆಗೆ ಬರುತ್ತೇವೆ. ಕೆಟ್ಟಿಯಲ್ಲಿ ನಮಗೆ ಯಾವ ಕೆಲಸವೂ ಇಲ್ಲ.

ಕೆಲಸವಿಲ್ಲದ ಊರಿಗೆ ಗಂಡನ ಜೊತೆ ರೈಲಿನಲ್ಲಿ ಹೋಗುವುದರ ಸುಖ ಎಲ್ಲರಿಗೂ ಹೇಳಿ ತಿಳಿಸುವಂಥದ್ದಲ್ಲ. ವರ್ಷಗಟ್ಟಲೆ ನನ್ನ ಪಾಲಿಗೆ ರೈಲೆಂದರೆ ಇವರನ್ನು ಒಯ್ಯುವ ಗಾಡಿ. ರಜೆ ಮುಗಿದು ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ಕಳಿಸಿ ಬರುವಾಗ ಕಿಟಕಿಯ ಒಳಗೆ ಇವರು, ಹೊರಗೆ ನಾನು. ಬುತ್ತಿಯ ಗಂಟು ಒಳಗೆ ದಾಟಿಸಿದ ಮೇಲೆ ಕೈಗೆ ಏನು ಮಾಡಬೇಕೆಂದು ತೋಚುತ್ತಿರಲಿಲ್ಲ. ಸಿಗ್ನಲ್ ಬೀಳುವವರೆಗೆ ಗ್ಯಾಸು, ಕರೆಂಟ್ ಬಿಲ್ಲು, ಎಮ್ಮೆಯ ಮಾತು. ಆಡಬೇಕಾದ ಮಾತು ಬಿಟ್ಟು ಮಿಕ್ಕಿದ್ದೆಲ್ಲ. ಈ ಪುಟ್ಟ ರೈಲಿನಲ್ಲಿ ನಾವಿಬ್ಬರೂ ಕಿಟಕಿಯ ಒಂದೇ ಬದಿಯಲ್ಲಿದ್ದೇವೆ. ಹೊರಗೆ ನಿಂತವರಿಗೆ ಇಬ್ಬರೂ ಕೈಬೀಸುತ್ತೇವೆ.

ಕುನೂರಿನಿಂದ ಊಟಿಗೆ ಹೋಗುವ ರಸ್ತೆಯಲ್ಲಿ ಫೀಲ್ಡ್ ಮಾರ್ಷಲ್ ಮಾಣಿಕ್‌ಷಾ ಅವರ ಪ್ರತಿಮೆಯಿದೆ. ಬಸ್ಸು ಅದನ್ನು ದಾಟುವಾಗ ಇವರು ಕೂತಲ್ಲೇ ಬೆನ್ನು ನೆಟ್ಟಗೆ ಮಾಡುತ್ತಾರೆ. 1971ರ ಯುದ್ಧದಲ್ಲಿ ಭೂಸೇನೆಯನ್ನು ನಡೆಸಿದ ಮಾಣಿಕ್‌ಷಾ ಅದಕ್ಕೂ ಮುಂಚೆ ಇಲ್ಲಿನ ಸ್ಟಾಫ್ ಕಾಲೇಜಿನ ಮುಖ್ಯಸ್ಥರಾಗಿದ್ದವರು. ನಿವೃತ್ತಿಯ ನಂತರ ದೆಹಲಿ, ಮುಂಬೈ ಬಿಟ್ಟು ಕುನೂರಿಗೇ ಬಂದು ಮನೆ ಮಾಡಿದರು. 2008ರ ಜೂನ್ 27ರಂದು ಇದೇ ವೆಲಿಂಗ್ಟನ್ನಿನ ಮಿಲಿಟರಿ ಆಸ್ಪತ್ರೆಯಲ್ಲಿ, 94ನೆಯ ವಯಸ್ಸಿನಲ್ಲಿ ತೀರಿಕೊಂಡರು. ಊಟಿಯ ಪಾರ್ಸಿ ಸ್ಮಶಾನದಲ್ಲಿ ಪತ್ನಿ ಸಿಲ್ಲೂ ಅವರ ಸಮಾಧಿಯ ಪಕ್ಕದಲ್ಲೇ ಅವರದೂ ಇದೆ. ಭಾರತದ ಭೂಸೇನೆಯಲ್ಲಿ ಫೀಲ್ಡ್ ಮಾರ್ಷಲ್ ಆದವರು ಇಬ್ಬರೇ. ಇನ್ನೊಬ್ಬರು ನಮ್ಮ ಕೊಡಗಿನ ಕಾರ್ಯಪ್ಪ. ಅವರೂ ಎಲ್ಲ ಮುಗಿಸಿ ಮಡಿಕೇರಿಯ ತಮ್ಮ ಮನೆಗೆ ಮರಳಿದರು. ದೇಶದ ಮೂಲೆಮೂಲೆ ಕಂಡವರು ಕೊನೆಗೆ ಬಯಸಿದ್ದು ಒಂದು ಸಣ್ಣ ಊರು, ಒಂದು ಮನೆ, ಅದರ ಸುತ್ತ ಒಂದಿಷ್ಟು ಗಿಡ. ಮಾಣಿಕ್‌ಷಾ ಮತ್ತು ಸಿಲ್ಲೂ ಮದುವೆಯಾದದ್ದು 1939ರಲ್ಲಿ, ಎರಡನೆಯ ಮಹಾಯುದ್ಧ ಶುರುವಾದ ವರ್ಷ. ಅವರ ಎಷ್ಟು ಭಾನುವಾರಗಳನ್ನು ಯುದ್ಧಗಳು ತಿಂದಿರಬಹುದು! ಅವನ್ನೆಲ್ಲ ಈ ಬೆಟ್ಟದ ಮೇಲೆ ಮರಳಿ ಪಡೆದುಕೊಂಡರೆಂದು ನಂಬಲು ನನಗೆ ಇಷ್ಟ.

ಭಾನುವಾರ ಮಧ್ಯಾಹ್ನ ರೊಟ್ಟಿ. ಜೋಳದ ಹಿಟ್ಟು ಊರಿನಿಂದ ಟ್ರಂಕಿನಲ್ಲಿ ಬರುತ್ತದೆ. ಇಷ್ಟು ಎತ್ತರದಲ್ಲಿ ನೀರು ಬೇಗ ಕುದಿಯುತ್ತದೆ, ಆದರೆ ನಮ್ಮೂರಿನ ಕುದಿನೀರಿನಷ್ಟು ಬಿಸಿ ಇರುವುದಿಲ್ಲ. ಬೇಳೆ ಬೇಯಲು ಹೊತ್ತು ಹಿಡಿಯುತ್ತದೆ, ಹಿಟ್ಟು ಬಿರಿಯುತ್ತದೆ. ಹಾಗಾಗಿ ಕುದಿಯುವ ನೀರನ್ನು ಒಲೆಯಿಂದ ಇಳಿಸದೆ ಅದಕ್ಕೇ ಹಿಟ್ಟು ಸುರಿದು, ತಿರುವಿ, ಬಿಸಿ ಇರುವಾಗಲೇ ಅಂಗೈಯ ಬುಡದಿಂದ ನಾದುತ್ತೇನೆ. ಉಂಡೆಯ ಅಂಚು ಸೀಳದೆ ನಿಂತರೆ ಹದ ಬಂತು. ನಾನು ಪರಾತದಲ್ಲಿ ತಟ್ಟಿ ಹಂಚಿಗೆ ಹಾಕುತ್ತೇನೆ. ಇವರು ಒದ್ದೆ ಬಟ್ಟೆಯಿಂದ ಮೇಲೆ ನೀರು ಸವರುತ್ತಾರೆ. ನೀರು ಆರುವ ಗಳಿಗೆ ನೋಡಿ ತಿರುವಬೇಕು. ಮುಂಚೆ ತಿರುವಿದರೆ ಹರಿಯುತ್ತದೆ, ತಡವಾದರೆ ಸೀಳುತ್ತದೆ. ಇವರು ಒಂದನ್ನೂ ತಪ್ಪಿಸುವುದಿಲ್ಲ. ಕೊನೆಗೆ ಬೆಂಕಿಗೆ ಒಡ್ಡಿದಾಗ ರೊಟ್ಟಿ ಉಬ್ಬಿ ಹಬೆ ಬಿಡುತ್ತದೆ. ವಾರವಿಡೀ ಹುಡುಗರ ಮೇಲೆ ಕೂಗಿ ಒಡೆದ ಗಂಟಲಿನಲ್ಲಿ ಇವರು ‘ಇದು ನಿನಗ’ ಎಂದು ಮೊದಲನೆಯದನ್ನು ನನ್ನ ತಟ್ಟೆಗೆ ಹಾಕುತ್ತಾರೆ. ಮೊದಲ ರೊಟ್ಟಿ ಗಂಡನಿಗೆ ಎನ್ನುವ ನಮ್ಮ ಮನೆತನದ ರೂಢಿ ಈ ಬೆಟ್ಟದ ಮೇಲೆ ತಿರುಗಿಬಿದ್ದಿದೆ, ಅತ್ತೆಗೂ ಅದು ಗೊತ್ತಿದೆ, ಸಂತೋಷವೂ ಇದೆ.

ಕೆಲವು ಶನಿವಾರಗಳು ಮಾತ್ರ ನಮ್ಮವಲ್ಲ. ತರಬೇತಿ ಮುಗಿಸಿದ ಹುಡುಗರು ರಾಷ್ಟ್ರಧ್ವಜದ ಎದುರು ತಮ್ಮ ತಮ್ಮ ಧರ್ಮಗ್ರಂಥ ಮುಟ್ಟಿ ಪ್ರಮಾಣ ಮಾಡುವ ಕಸಮ್ ಪರೇಡ್ ಇದ್ದರೆ, ಇವರು ನಸುಕಿನಲ್ಲೇ ಹೋಗುತ್ತಾರೆ. ಹುಡುಗರ ಅಪ್ಪ ಅಮ್ಮಂದಿರು ಎಲ್ಲಿಂದೆಲ್ಲಿಂದಲೋ ಬಂದಿರುತ್ತಾರೆ. ಪರೇಡ್ ಮುಗಿದ ಮೇಲೆ ಅವರಿಗೂ ಗೌರವ್ ಪದಕ ತೊಡಿಸುತ್ತಾರೆ. ನಮ್ಮ ಕಡೆಯವರು ಯಾರಾದರೂ ಬಂದಿದ್ದರೆ ಇವರು ಮನೆಗೆ ಕರೆತರುತ್ತಾರೆ. ಇತ್ತೀಚೆಗೆ ಹಾಗೆ ಬಂದವರಲ್ಲಿ ಕೊಪ್ಪಳದ ಕಡೆಯ ಒಬ್ಬ ತಾಯಿಯಿದ್ದರು. ಬರಿಗಾಲಲ್ಲಿ ಬಂದಿದ್ದರು. ಸೆರಗಿಗೆ ಚುಚ್ಚಿದ ಪದಕವನ್ನು ಮುಟ್ಟಿಮುಟ್ಟಿ ನೋಡಿಕೊಳ್ಳುತ್ತಾ, ಟ್ರಂಕಿನ ಸೋಫಾದ ತುದಿಯಲ್ಲಿ ಕೂತು ರೊಟ್ಟಿ ಉಂಡರು.

ಉಂಡಾದ ಮೇಲೆ ಅವರ ಪ್ರಶ್ನೆಗಳು ಶುರುವಾದವು. ರಜೆ ಎಷ್ಟು? ಇವರು ಹೇಳಿದರು: ನಮಗಾದರೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ, ಮೇಲೆ 30 ದಿನ ಕ್ಯಾಶುವಲ್. ನಿಮ್ಮ ಮಗ 2022ರಿಂದ ಬಂದಿರುವ ಅಗ್ನಿಪಥ ಯೋಜನೆಯವನು, ಅಗ್ನಿವೀರ. ಅವನಿಗೆ ವರ್ಷಕ್ಕೆ 30 ದಿನ. ನಾಲ್ಕು ವರ್ಷದ ನೌಕರಿ, ಆಮೇಲೆ ನೂರರಲ್ಲಿ ಇಪ್ಪತ್ತೈದು ಮಂದಿಯವರೆಗೆ ಉಳಿಸಿಕೊಳ್ಳುತ್ತಾರೆ. ಆ ತಾಯಿ ಬೆರಳೆಣಿಸಿದರು. ಮೂವತ್ತು ದಿನದಲ್ಲಿ ಕಾರಹುಣ್ಣಿಮೆಗಿಷ್ಟು, ಗವಿಮಠದ ಜಾತ್ರೆಗಿಷ್ಟು, ಸುಗ್ಗಿಗಿಷ್ಟು ಎಂದು ಅಲ್ಲೇ ಹಂಚಿಹಾಕಿದರು. ಗೋಡೆಯ ಕ್ಯಾಲೆಂಡರ್ ಇಳಿಸಿ ಮೂವರೂ ಅದರ ಮೇಲೆ ಬಾಗಿದೆವು. ಕೊನೆಗೆ ಅವರು ನನ್ನ ಕಡೆ ತಿರುಗಿ, ‘ಖಾಯಂ ಆದ ಮ್ಯಾಲ ಮದುವಿ ಮಾಡತೀನಿ. ಆ ಹುಡುಗೀನ ನನ್ನ ಹತ್ರ ಬಿಡಬ್ಯಾಡ, ಕರಕೊಂಡು ಹೋಗಂತ ನೀನ ಅವಗ ಹೇಳು. ನಾ ಒಬ್ಬಾಕೀನ ಇರತೀನಿ, ಅದೇನ ದೊಡ್ಡದಲ್ಲ’ ಎಂದರು.

ನನ್ನ ಅತ್ತೆಯೂ ಇದನ್ನೇ ಹೇಳಿ ನನ್ನನ್ನು ಇಲ್ಲಿಗೆ ಕಳಿಸಿದವರು. ಆ ತಾಯಿಗೆ ನಾನು ಕೊಡಬಹುದಾದದ್ದನ್ನೆಲ್ಲ ಕೊಟ್ಟೆ: ಪೀಸ್ ಅಂದರೇನು, ಫೀಲ್ಡ್ ಅಂದರೇನು, ಫ್ಯಾಮಿಲಿ ಕ್ವಾರ್ಟರ್ಸಿನ ಸರದಿ ಹೇಗೆ, ಮದುವೆಯಾದ ತಕ್ಷಣ ಹುಡುಗಿಯ ಹೆಸರನ್ನು ದಾಖಲೆಯಲ್ಲಿ ಸೇರಿಸುವುದು ಎಷ್ಟು ಮುಖ್ಯ, ಎಲ್ಲ ಬಿಡಿಸಿ ಹೇಳಿದೆ. ಪೀಸ್ ಸಿಕ್ಕ ಮೊದಲ ವಾರವೇ ಮನೆಗೆ ಅರ್ಜಿ ಹಾಕಲಿ, ಒಂದು ಭಾನುವಾರವನ್ನೂ ಕಳೆದುಕೊಳ್ಳದಿರಲಿ ಎಂದೆ. ‘ಬರಕೊಡು’ ಎಂದರು. ಕ್ಯಾಂಟೀನಿನ ಚೀಟಿಯ ಹಿಂಬದಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟೆ.